ಬಿಸಿಲನ್ನು ಹೊರಗೇ ತಡೆದವರು

ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರು, ವಿಜಯಪುರದ ಕಡೆ ಒಂದು ಮಧ್ಯಾಹ್ನ ಕಳೆದವರಿಗೆ ಬಿಸಿಲೆಂದರೆ ಏನೆಂದು ಬೇರೆ ಹೇಳಬೇಕಾಗಿಲ್ಲ. ಪರೀಕ್ಷೆಗೆ ಓದುತ್ತಿರುವ ಹುಡುಗ ಕಿಟಕಿಯ ಗಾಜು ಮುಚ್ಚುತ್ತಾನೆ, ಒಳಗಿನ ಬಟ್ಟೆಯ ಪರದೆ ಎಳೆಯುತ್ತಾನೆ, ಫ್ಯಾನ್ ಹಾಕುತ್ತಾನೆ. ಆದರೂ ಕೋಣೆ ಕಾದ ಹಂಚಿನಂತೆಯೇ ಇರುತ್ತದೆ. ಪರದೆಯನ್ನು ಮುಟ್ಟಿ ನೋಡಿದರೆ ಅದೇ ಸುಡುತ್ತಿರುತ್ತದೆ. ಬಿಸಿಲು ತಡೆಯಲೆಂದು ಹಾಕಿದ ಪರದೆ ಕೋಣೆಯೊಳಗೆ ಇನ್ನೊಂದು ಒಲೆಯಾಗಿರುತ್ತದೆ.

ನನ್ನ ದಾದಿಯ ಮನೆಯಲ್ಲಿ ಹೀಗಿರಲಿಲ್ಲ. ಪಡುವಣ ದಿಕ್ಕಿನ ಪಡಸಾಲೆಗೆ ಅವರು ಹೊರಗಡೆಯಿಂದ ಗೋಣಿತಟ್ಟಿನ ಪರದೆ ಇಳಿಬಿಡುತ್ತಿದ್ದರು. ಜೊಹರ್ ನಮಾಜ್ ಮುಗಿದ ಮೇಲೆ ಅದಕ್ಕೆ ಎರಡು ಕೊಡ ನೀರು ಚಿಮುಕಿಸುವುದು ಮಕ್ಕಳ ಕೆಲಸ. "ಬಿಸಿಲಂದ್ರ ಕಳ್ಳ ಇದ್ದಂಗ. ಮನಿಯೊಳಗ ಬಂದಮ್ಯಾಲ ಬಾಗಿಲು ಹಾಕಿದ್ರ ಏನು ಬಂತು?" ಎಂದು ಅವರು ಹೇಳುತ್ತಿದ್ದರು. ಆಗ ಅದು ನಮಗೆ ತಮಾಷೆಯ ಮಾತು. ಓದುತ್ತಾ ಹೋದಂತೆ, ಆ ಒಂದು ಮಾತಿನ ಹಿಂದೆ ಎರಡು ಸಾವಿರ ವರ್ಷಗಳ ಇತಿಹಾಸವಿದೆ ಎಂಬುದು ತಿಳಿಯಿತು. ಆ ಇತಿಹಾಸವನ್ನು ನಮ್ಮ ವಿದ್ಯಾರ್ಥಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಒಳಗಿನ ಪರದೆಗೂ ಹೊರಗಿನ ಪರದೆಗೂ ಇರುವ ವ್ಯತ್ಯಾಸ

ಮೊದಲು ಇದರ ವಿಜ್ಞಾನವನ್ನು ಸ್ವಲ್ಪ ತಿಳಿದುಕೊಳ್ಳೋಣ. ಸಾಧಾರಣ ಕಿಟಕಿಯ ಗಾಜು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಹತ್ತರಲ್ಲಿ ಸುಮಾರು ಎಂಟು ಪಾಲನ್ನು ಒಳಗೆ ಬಿಡುತ್ತದೆ. ಒಳಗೆ ಬಂದ ಬಿಸಿಲು ನೆಲ, ಮೇಜು, ಪರದೆಗಳಿಗೆ ಬಿದ್ದು ಅವುಗಳನ್ನು ಕಾಯಿಸುತ್ತದೆ. ಕಾದ ವಸ್ತುಗಳು ಶಾಖವನ್ನು ಹೊರಸೂಸುತ್ತವೆ. ಆದರೆ ಆ ಶಾಖದ ಕಿರಣಗಳ ತರಂಗಾಂತರ ಹೆಚ್ಚು. ಗಾಜು ಅವುಗಳನ್ನು ಹೊರಗೆ ಬಿಡುವುದಿಲ್ಲ. ಒಳಬರಲು ತೆರೆದ ಬಾಗಿಲು, ಹೊರಹೋಗಲು ಮುಚ್ಚಿದ ಬಾಗಿಲು! ಒಳಗಿನ ಪರದೆ ಬಿಳಿಯದಾಗಿದ್ದರೆ ಸ್ವಲ್ಪ ಬೆಳಕನ್ನು ಗಾಜಿನ ಮೂಲಕ ಹಿಂದಕ್ಕೆ ಕಳಿಸೀತು. ಉಳಿದದ್ದೆಲ್ಲ ಕೋಣೆಯ ಪಾಲು. ಅದೇ ಪರದೆ ಗಾಜಿನ ಹೊರಗಿದ್ದರೆ, ಕಾಯುವುದು ಹೊರಗೆ, ಆ ಶಾಖವನ್ನು ಒಯ್ಯುವುದು ಹೊರಗಿನ ಗಾಳಿ.

ಲೆಕ್ಕ ಹಾಕಿ ನೋಡಿದರೆ ಇದು ಸಣ್ಣ ವಿಷಯವಲ್ಲ. ಬೇಸಿಗೆಯ ಸಂಜೆ ಪಶ್ಚಿಮದ ಕಿಟಕಿಯ ಒಂದು ಚದರ ಮೀಟರ್ ಮೇಲೆ ಬೀಳುವ ಬಿಸಿಲು ಸುಮಾರು 600ರಿಂದ 700 ವಾಟ್. ಐದು ಚದರ ಮೀಟರ್ ಗಾಜು ಇದ್ದರೆ ಹೆಚ್ಚುಕಡಿಮೆ ಎರಡೂವರೆ ಕಿಲೋವಾಟ್ ಶಾಖ ಒಳಗೆ ಬಂದಂತಾಯಿತು. ಒಂದು ಟನ್ನಿನ ಏರ್ ಕಂಡೀಷನರ್ ಹೊರಹಾಕುವ ಶಾಖ ಸುಮಾರು ಮೂರೂವರೆ ಕಿಲೋವಾಟ್. ಅಂದರೆ ಒಂದು ಕಿಟಕಿಯಿಂದ ಒಳಬಂದ ಬಿಸಿಲನ್ನು ಹೊರಗಟ್ಟಲು ಒಂದು ಯಂತ್ರದ ಮುಕ್ಕಾಲು ಪಾಲು ಶಕ್ತಿ ಬೇಕು.

ಇನ್ನೊಂದು ವಿಷಯವನ್ನು ಗಮನಿಸಬೇಕು. ನಮ್ಮ ಕಲಬುರಗಿಯಲ್ಲಿ ಮೇ ಎರಡನೆಯ ವಾರದ ಹೊತ್ತಿಗೆ ನಡುಮಧ್ಯಾಹ್ನದ ಸೂರ್ಯ ನೇರವಾಗಿ ನೆತ್ತಿಯ ಮೇಲಿರುತ್ತಾನೆ. ಆಗ ಕಿಟಕಿಯ ಮೇಲಿನ ಒಂದೂವರೆ ಅಡಿ ಸಜ್ಜಾ ಸಾಕು. ಆದರೆ ಸಂಜೆ ನಾಲ್ಕರ ನಂತರ ಸೂರ್ಯ ಕೆಳಗಿಳಿದು ಓರೆಯಾಗಿ ನೋಡತೊಡಗಿದಾಗ ಯಾವ ಸಜ್ಜಾವೂ ಉಪಯೋಗಕ್ಕೆ ಬಾರದು. ಪೂರ್ವ-ಪಶ್ಚಿಮದ ಬಿಸಿಲಿಗೆ ಎದುರಾಗಿ ನಿಲ್ಲುವ ತಡೆಯೇ ಬೇಕು. ಬೇಡವಾದಾಗ ಅದನ್ನು ಸುತ್ತಿ ಮೇಲಕ್ಕೇರಿಸುವಂತಿರಬೇಕು. ಜಗತ್ತಿನ ಹಲವು ಜನಾಂಗಗಳು ಬೇರೆ ಬೇರೆ ಕಾಲದಲ್ಲಿ ಈ ಒಂದೇ ಉತ್ತರಕ್ಕೆ ಬಂದು ಮುಟ್ಟಿದವು.

ರೋಮಿನ ನಾವಿಕರು, ಕೈರೋದ ಬಡಗಿಗಳು

ಕ್ರಿ.ಶ. 80ರಲ್ಲಿ ಉದ್ಘಾಟನೆಯಾದ ರೋಮಿನ ಕೊಲೋಸಿಯಮ್‌ನಲ್ಲಿ ಪ್ರೇಕ್ಷಕರಿಗೆ ನೆರಳು ನೀಡಲು ದೊಡ್ಡ ಬಟ್ಟೆಯ ಚಾವಣಿಯಿತ್ತು. ಅದನ್ನು ವೆಲೇರಿಯಮ್ ಎನ್ನುತ್ತಿದ್ದರು. ಕಟ್ಟಡದ ಮೇಲ್ತುದಿಯಲ್ಲಿ ಸುತ್ತಲೂ 240 ಕಂಬಗಳನ್ನು ನಿಲ್ಲಿಸಿ, ಹಗ್ಗಗಳ ಮೇಲೆ ಬಟ್ಟೆಯನ್ನು ಹರಡಲಾಗುತ್ತಿತ್ತು. ಈ ಕೆಲಸಕ್ಕೆ ನೌಕಾಪಡೆಯ ನಾವಿಕರನ್ನು ಕರೆಸುತ್ತಿದ್ದರು. ಗಾಳಿಗೆ ಬಟ್ಟೆ ಬಿಚ್ಚುವುದು, ಮಡಚುವುದು ಹಾಯಿಹಡಗಿನವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೊಲೋಸಿಯಮ್‌ಗೂ ಮುಂಚೆ ಆಳಿದ ಕ್ಯಾಲಿಗುಲ ಎಂಬ ಕ್ರೂರ ಚಕ್ರವರ್ತಿ, ಆಟ ನಡೆಯುತ್ತಿರುವಾಗ ಸುಡುಬಿಸಿಲಿನಲ್ಲಿ ಇಂಥ ಚಾವಣಿಯನ್ನು ಸರಿಸಿ, ಯಾರೂ ಎದ್ದು ಹೋಗಬಾರದೆಂದು ಆಜ್ಞೆ ಮಾಡುತ್ತಿದ್ದನೆಂದು ಇತಿಹಾಸಕಾರ ಸ್ಯೂಟೋನಿಯಸ್ ಬರೆದಿದ್ದಾನೆ. ನೆರಳು ಕೊಡುವವನ ಕೈಯಲ್ಲಿ ಅಧಿಕಾರವಿರುತ್ತದೆ. ಅದನ್ನು ಕಿತ್ತುಕೊಳ್ಳುವುದು ಒಂದು ಶಿಕ್ಷೆ ಎಂಬುದು ಆಗಲೇ ತಿಳಿದಿತ್ತು.

ಸ್ಪೇನಿನ ಸೆವಿಲ್ಲೆ ನಗರದಲ್ಲಿ ಬೇಸಿಗೆ ಬಂತೆಂದರೆ ಇಕ್ಕಟ್ಟಾದ ಬೀದಿಗಳ ಮೇಲೆ, ಮನೆಯಿಂದ ಮನೆಗೆ ಬಟ್ಟೆಗಳನ್ನು ಕಟ್ಟುವ ಪದ್ಧತಿ ಇಂದಿಗೂ ಉಂಟು. ಆ ದೇಶದ ಅಲಿಕಾಂತೆ ಪ್ರಾಂತದಲ್ಲಿ ಸಣ್ಣ ಮರದ ಪಟ್ಟಿಗಳನ್ನು ಪೋಣಿಸಿದ, ಹಗ್ಗದಿಂದ ಸುತ್ತಿ ಏರಿಸುವ ಪರದೆಯನ್ನು ಬಾಲ್ಕನಿಯ ಹೊರಗೆ ಇಳಿಬಿಡುತ್ತಾರೆ. ಇಂಥ ಪರದೆಗೆ ಸ್ಪ್ಯಾನಿಷ್ ಭಾಷೆಯಲ್ಲಿ 'ಪೆರ್ಸಿಯಾನ' ಎಂದು ಹೆಸರು. ಫ್ರೆಂಚರು 'ಪೆರ್ಸಿಯೆನ್' ಎನ್ನುತ್ತಾರೆ. ಅರ್ಥ ಒಂದೇ, ಪರ್ಷಿಯಾದ್ದು. ನಾವು ಕನ್ನಡದಲ್ಲಿ ದಿನವೂ ಬಳಸುವ 'ಪರದೆ' ಎಂಬ ಮಾತೂ ಪರ್ಷಿಯನ್ನಿನಿಂದಲೇ ಬಂದದ್ದು. ಅತ್ತ ಜಪಾನಿನಲ್ಲಿ ಬಿದಿರು, ಜೊಂಡಿನ ಕಡ್ಡಿಗಳಿಂದ ಮಾಡಿದ 'ಸುದಾರೆ' ಎಂಬ ಪರದೆಯನ್ನು ಸೂರಿನ ಕೆಳಗೆ ತೂಗುಬಿಡುತ್ತಾರೆ.

ಅರಬ್ ನಗರಗಳಲ್ಲಿ, ವಿಶೇಷವಾಗಿ ಕೈರೋದಲ್ಲಿ, ಬೀದಿಯ ಕಡೆಗೆ ಚಾಚಿಕೊಂಡ ಮರದ ಜಾಲಂಧ್ರದ ಕಿಟಕಿಗಳಿವೆ. ಇವೇ ಮಶ್ರಬಿಯ್ಯಾ. ಆ ಹೆಸರಿನ ಮೂಲ 'ಕುಡಿಯುವುದು' ಎಂಬ ಅರ್ಥದ ಅರಬ್ಬಿ ಧಾತು. ಜಾಲಂಧ್ರದ ಹಿಂದೆ ನೀರಿನ ಮಣ್ಣಿನ ಹೂಜಿಗಳನ್ನು ಇಡುತ್ತಿದ್ದರು. ಗಾಳಿ ತಾಗಿ ನೀರೂ ತಣ್ಣಗಾಗುತ್ತಿತ್ತು, ಹೂಜಿಯ ಪಸೆ ತಾಗಿ ಗಾಳಿಯೂ ತಣ್ಣಗಾಗುತ್ತಿತ್ತು. ಒಳಗಿದ್ದವರಿಗೆ ಬೀದಿ ಕಾಣುತ್ತದೆ, ಬೀದಿಯವರಿಗೆ ಒಳಗಿದ್ದವರು ಕಾಣುವುದಿಲ್ಲ. ಹೀಗೆ ಬಿಸಿಲಿಗೆ ತಡೆ, ಗಾಳಿಗೆ ದಾರಿ, ಮನೆಯವರಿಗೆ ಮರೆ, ಈ ಮೂರೂ ಒಂದೇ ಚೌಕಟ್ಟಿನಲ್ಲಿ ದೊರೆತವು.

ಮೊಘಲರ ಖಸ್ ತಟ್ಟಿ

ನಮ್ಮ ದೇಶಕ್ಕೆ ಬಂದರೆ, ಡೇರೆಯಲ್ಲಿ ಬದುಕಿ ಬಂದ ಮೊಘಲರು ಬಟ್ಟೆಯನ್ನೂ ಕಟ್ಟಡದ ಒಂದು ಭಾಗವೆಂದೇ ತಿಳಿದಿದ್ದರು. ಅಬುಲ್ ಫಜಲ್ ತನ್ನ 'ಆಯಿನ್-ಇ-ಅಕ್ಬರಿ'ಯಲ್ಲಿ ಫರಾಶ್‌ಖಾನೆ, ಅಂದರೆ ಡೇರೆ-ಜಮಖಾನೆಗಳ ಇಲಾಖೆಯ ಬಗ್ಗೆ ವಿವರವಾಗಿ ಬರೆದಿದ್ದಾನೆ. ನಾವು ಮದುವೆಗೆ ಹಾಕಿಸುವ ಶಾಮಿಯಾನ ಆ ಪಟ್ಟಿಯಲ್ಲಿಯೂ ಇದೆ. ದೆಹಲಿಯ ಕೆಂಪುಕೋಟೆಯನ್ನು 1639ರಿಂದ 1648ರವರೆಗೆ ಕಟ್ಟಲಾಯಿತು. ಅಲ್ಲಿನ ಸಭಾಮಂಟಪಗಳು ಇಂದು ನಾಲ್ಕೂ ಕಡೆ ಬಯಲಾಗಿ ಕಾಣುತ್ತವೆ. ಆದರೆ ಶಹಜಹಾನನ ಕಾಲದಲ್ಲಿ ಅವು ಹಾಗಿರಲಿಲ್ಲ. ಕಮಾನುಗಳ ಹೊರಗೆ ದಪ್ಪ ಪರದೆಗಳು, ಮುಂದೆ ದೊಡ್ಡ ಮೇಲ್ಕಟ್ಟುಗಳು ಇರುತ್ತಿದ್ದವು. ಅವನ್ನು ಕಟ್ಟುತ್ತಿದ್ದ ಬಳೆಗಳನ್ನು ಸೂರಿನ ಬಳಿ ಕತ್ತೆತ್ತಿ ನೋಡಿದವರು ಕಾಣಬಹುದು. ಬಟ್ಟೆ ಹೋಗಿದೆ, ಕಲ್ಲು ಉಳಿದಿದೆ. ಆದ್ದರಿಂದ ನಾವು ಅರಮನೆಯ ಅರ್ಧವನ್ನು ಮಾತ್ರ ನೋಡಿ ಬರುತ್ತೇವೆ.

ಬಿಸಿಲಿಗೆ ತಡೆಯಷ್ಟೇ ಸಾಲದೆಂದು ತಂಪನ್ನೂ ಸೇರಿಸಿದವರು ಮೊಘಲರು. ಲಾವಂಚದ ಬೇರಿಗೆ ಪರ್ಷಿಯನ್-ಉರ್ದುವಿನಲ್ಲಿ ಖಸ್ ಎಂದು ಹೆಸರು. ಆ ಬೇರನ್ನು ಬಿದಿರಿನ ಚೌಕಟ್ಟಿಗೆ ಹೆಣೆದು ತಟ್ಟಿ ಮಾಡಿ, ಬಾಗಿಲು-ಕಿಟಕಿಗೆ ಹೊರಗಡೆಯಿಂದ ನಿಲ್ಲಿಸಿ ನೀರು ಸುರಿಯುತ್ತಿದ್ದರು. ಅಕ್ಬರನ ಅಪ್ಪಣೆಯಂತೆ ಇಂಥ ಖಸ್ ಗುಡಿಸಲುಗಳನ್ನು ಮಾಡಿಸಲಾಯಿತೆಂದೂ, ನೀರು ಹೊಯ್ದಾಗ ಬೇಸಿಗೆಯಲ್ಲೇ ಚಳಿಗಾಲದ ಅನುಭವವಾಗುತ್ತಿತ್ತೆಂದೂ ಅಬುಲ್ ಫಜಲ್ ಹೇಳುತ್ತಾನೆ. ಔರಂಗಜೇಬನ ಕಾಲದಲ್ಲಿ ಭಾರತದಲ್ಲಿದ್ದ ಫ್ರೆಂಚ್ ವೈದ್ಯ ಬರ್ನಿಯರ್, 1663ರಲ್ಲಿ ದೆಹಲಿಯಿಂದ ಬರೆದ ಪತ್ರದಲ್ಲಿ, ಶ್ರೀಮಂತರ ಮನೆಗಳಲ್ಲಿ ಖಸ್‌ಖಾನೆಗಳನ್ನು ತೋಟದ ನಡುವೆ ನೀರಿನ ಕೊಳದ ಹತ್ತಿರ ಕಟ್ಟುತ್ತಿದ್ದರೆಂದು ವಿವರಿಸಿದ್ದಾನೆ. ಸೇವಕರು ಹೊರಗಿನಿಂದ ನೀರೆರಚಲು ಅನುಕೂಲವಾಗಲಿ ಎಂಬುದು ಅದರ ಕಾರಣ.

ಇದರ ಗುಟ್ಟು ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುವುದರಲ್ಲಿದೆ. ಒಂದು ಲೀಟರ್ ನೀರು ಆವಿಯಾದರೆ ಅದು ಹೀರುವ ಶಾಖ, ಒಂದು ಕಿಲೋವಾಟ್ ಹೀಟರ್ ಸುಮಾರು ನಲವತ್ತು ನಿಮಿಷ ಕೊಡುವ ಶಾಖಕ್ಕೆ ಸಮ. ಆದರೆ ಗಾಳಿ ಒಣಗಿರಬೇಕು. ಆದ್ದರಿಂದಲೇ ಈ ಉಪಾಯ ದೆಹಲಿ, ಆಗ್ರಾ, ಕಲಬುರಗಿಗಳಲ್ಲಿ ಫಲಿಸುತ್ತದೆ. ಗಾಳಿಯಲ್ಲೇ ನೀರು ತುಂಬಿರುವ ಮಂಗಳೂರು, ಭಟ್ಕಳದಲ್ಲಿ ಹಸಿ ತಟ್ಟಿಯಿಂದ ಬೆವರು ಹೆಚ್ಚೀತೇ ಹೊರತು ಕಡಿಮೆಯಾಗದು. ಕರಾವಳಿಗೆ ಒಣ ಪರದೆ ಮತ್ತು ಧಾರಾಳ ಗಾಳಿಯೇ ಸರಿ.

ನೆರಳಿನ ಹಿಂದಿನ ಬೆವರು

ಬ್ರಿಟಿಷರು ಬಂದಾಗ ಈ ವಿದ್ಯೆಯನ್ನು ಇಲ್ಲಿಯವರಿಂದಲೇ ಕಲಿತರು. ಸೀಳಿದ ಬಿದಿರಿನ ಕಡ್ಡಿಗಳನ್ನು ದಾರದಿಂದ ಪೋಣಿಸಿದ 'ಚಿಕ್' ಪರದೆ ಅವರ ಬಂಗಲೆಗಳ ವರಾಂಡದಲ್ಲೆಲ್ಲ ತೂಗಾಡತೊಡಗಿತು. 1886ರಲ್ಲಿ ಪ್ರಕಟವಾದ 'ಹಾಬ್ಸನ್-ಜಾಬ್ಸನ್' ಎಂಬ ಪ್ರಸಿದ್ಧ ನಿಘಂಟಿನಲ್ಲಿ ಚಿಕ್, ತಟ್ಟಿ ಎಂಬ ಮಾತುಗಳಿಗೆ ಸ್ಥಾನ ದೊರೆತಿದೆ. ಕೆಳಗಿನಿಂದ ಸುತ್ತುತ್ತಾ ಹಗ್ಗದಿಂದ ಮೇಲಕ್ಕೆ ಎಳೆದು ಕಟ್ಟುವ ಆ ಚಿಕ್, ಇಂದಿನ ರೋಲರ್ ಪರದೆಯ ಹಿರಿಯಣ್ಣ ಎನ್ನಬಹುದು.

ಆದರೆ ಇತಿಹಾಸ ಓದುವವರು ಒಂದು ಪ್ರಶ್ನೆಯನ್ನು ಮರೆಯಬಾರದು: ಈ ತಂಪಿನ ಬೆಲೆ ತೆತ್ತವರು ಯಾರು? ತಟ್ಟಿ ಒಣಗಿದರೆ ತಂಪು ಮುಗಿಯಿತು. ಆದ್ದರಿಂದ ಒಳಗೆ ಸಾಹೇಬರು ಮಲಗಿರುವಷ್ಟು ಹೊತ್ತೂ ಹೊರಗೆ ಬಿಸಿಲಿನಲ್ಲಿ ನಿಂತು ನೀರೆರಚುವ ಒಬ್ಬ ಮನುಷ್ಯ ಬೇಕಿತ್ತು. ಚರ್ಮದ ಮಶಕದಲ್ಲಿ ನೀರು ಹೊತ್ತು ತರುವ ಭಿಸ್ತಿ ಅವನು. ಪಂಖಾದ ಹಗ್ಗ ಎಳೆಯುವವನು ಇನ್ನೊಬ್ಬ. ಉತ್ತರ ಭಾರತದ ಭಿಸ್ತಿಗಳಲ್ಲಿ ಹೆಚ್ಚಿನವರು ಮುಸ್ಲಿಮರು. ಅರಮನೆಗಳ ಬಗ್ಗೆ ಪುಸ್ತಕಗಳು ಬಹಳ ಇವೆ. ಬಿಸಿಲಿನಲ್ಲಿ ನಿಂತು ಇತರರಿಗೆ ನೆರಳು ಕೊಟ್ಟ ಈ ಜನರ ಹೆಸರುಗಳು ಯಾವ ಪುಸ್ತಕದಲ್ಲೂ ಇಲ್ಲ. ನಮ್ಮ ಪೂರ್ವಿಕರೆಂದು ಹೆಮ್ಮೆಪಡುವಾಗ ಬಾದಶಹರ ಜೊತೆಗೆ ಇವರನ್ನೂ ನೆನೆಯುವುದು ನ್ಯಾಯ.

ನಮ್ಮ ನಾಡಿನಲ್ಲಿ

ಕರ್ನಾಟಕದಲ್ಲಿ ಈ ಜ್ಞಾನದ ಗುರುತುಗಳು ಕಣ್ಣೆದುರಿಗೇ ಇವೆ. ವಿಜಯಪುರದಲ್ಲಿ 1626ರ ಹೊತ್ತಿಗೆ ಪೂರ್ಣಗೊಂಡ ಇಬ್ರಾಹಿಂ ರೋಜಾದ ಕಿಟಕಿಗಳನ್ನು ನೋಡಿ. ಅರಬ್ಬಿ ಅಕ್ಷರಗಳನ್ನೇ ಕೊರೆದು ಮಾಡಿದ ಕಲ್ಲಿನ ಜಾಲಂಧ್ರಗಳು ಅವು. ಸುತ್ತಲೂ ಕಂಬಗಳ ಸಾಲು, ಮೇಲೆ ಅಗಲವಾದ ಸಜ್ಜಾ. ಬೆಳಕು ಅಕ್ಷರಗಳ ಸಂದಿನಿಂದ ಸೋಸಿ ಒಳಗೆ ಬರುತ್ತದೆ, ಬಿಸಿಲು ಹೊರಗೇ ನಿಲ್ಲುತ್ತದೆ.

ಇದಕ್ಕಿಂತಲೂ ನೇರವಾದ ಉದಾಹರಣೆ ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್. ಟಿಪ್ಪು ಸುಲ್ತಾನರು 1784ರಲ್ಲಿ ಕಟ್ಟಿಸಿದ ಈ ಬೇಸಿಗೆ ಅರಮನೆ ಎತ್ತರದ ಜಗುಲಿಯ ಮೇಲಿದೆ. ನಾಲ್ಕೂ ಕಡೆ ಮರದ ಕಂಬಗಳ ಅಗಲವಾದ ಪಡಸಾಲೆ, ಅದರ ಹಿಂದೆ ಗೋಡೆ. ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಹೆಸರಾಂತ ಚಿತ್ರವಿದೆ. 1799ರ ನಂತರ ಇಲ್ಲಿ ವಾಸವಾಗಿದ್ದ ಆರ್ಥರ್ ವೆಲ್ಲೆಸ್ಲಿ ಕೂಡ ಈ ಚಿತ್ರಗಳನ್ನು ಸರಿಪಡಿಸಲು ವ್ಯವಸ್ಥೆ ಮಾಡಿದ್ದ. ಇಂದು ಪ್ರವಾಸಕ್ಕೆ ಹೋದ ವಿದ್ಯಾರ್ಥಿಗಳಿಗೆ ದೂರದಿಂದ ಮೊದಲು ಕಾಣುವುದು ಅರಮನೆಯಲ್ಲ. ಕಂಬಗಳ ಹೊರಗೆ ಸುತ್ತಲೂ ಇಳಿಬಿಟ್ಟಿರುವ ಹಸಿರು ಪರದೆಗಳು. "ಇಷ್ಟು ಚಂದದ ಅರಮನೆಯನ್ನು ಯಾಕೆ ಮುಚ್ಚಿಟ್ಟಿದ್ದಾರೆ?" ಎಂದು ಮಕ್ಕಳು ಕೇಳುತ್ತಾರೆ. ಉತ್ತರ ಸರಳ. ಪಡಸಾಲೆಯ ಸೂರು ನೆತ್ತಿಯ ಬಿಸಿಲನ್ನು ತಡೆಯುತ್ತದೆ. ಸಂಜೆಯ ಓರೆ ಬಿಸಿಲನ್ನೂ ಮಳೆಯ ಎರಚಲನ್ನೂ ತಡೆಯುವುದು ಆ ಪರದೆ. ಅದಿಲ್ಲದಿದ್ದರೆ ಚಿತ್ರಗಳ ಬಣ್ಣ ಮಾಸಿ ಹೋಗುತ್ತದೆ. ಹೊರಪರದೆಯ ಪಾಠವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಕಟ್ಟಡ ನಮ್ಮ ರಾಜ್ಯದಲ್ಲಿ ಬೇರೊಂದಿಲ್ಲವೆಂದು ನನ್ನ ಭಾವನೆ.

ಮರೆತದ್ದು, ಮತ್ತೆ ಕಲಿತದ್ದು

ಇಷ್ಟು ಹಳೆಯ ತಿಳಿವಳಿಕೆ ಹಿಂದೆ ಸರಿದದ್ದು ಹೇಗೆ? 1864ರಲ್ಲಿ ಅಮೆರಿಕದ ಸ್ಟುವರ್ಟ್ ಹಾರ್ಟ್ಸ್‌ಹಾರ್ನ್ ಸ್ಪ್ರಿಂಗ್ ಇರುವ ಪರದೆ-ಕೋಲಿಗೆ ಪೇಟೆಂಟ್ ಪಡೆದ. ಎಳೆದರೆ ಇಳಿಯುವ, ಬಿಟ್ಟರೆ ತಾನೇ ಸುತ್ತಿಕೊಳ್ಳುವ ಪರದೆ ಮನೆಮನೆಗೆ ಬಂತು. ಆದರೆ ಅದರ ಜಾಗ ಹೆಚ್ಚಾಗಿ ಕಿಟಕಿಯ ಒಳಗಡೆ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಕಾಗದ ತೇವದಿಂದ ಹಿಗ್ಗದಿರಲೆಂದು ವಿಲ್ಲಿಸ್ ಕ್ಯಾರಿಯರ್ ಯಂತ್ರವೊಂದನ್ನು ರೂಪಿಸಿದ. ಏರ್ ಕಂಡೀಷನರಿನ ಯುಗ ಅಲ್ಲಿಂದ ಶುರುವಾಯಿತು. 1959ರಲ್ಲಿ ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ ಫ್ಲೋಟ್ ಗಾಜಿನ ವಿಧಾನವನ್ನು ಪ್ರಕಟಿಸಿದ ಮೇಲೆ ದೊಡ್ಡ ಗಾಜು ಅಗ್ಗವಾಯಿತು. ಗಾಜಿನ ಗೋಡೆ ಕಟ್ಟುವುದು, ಒಳಬಂದ ಬಿಸಿಲನ್ನು ವಿದ್ಯುತ್ತಿನಿಂದ ಹೊರಗಟ್ಟುವುದು, ಇದೇ ನಾಗರಿಕತೆಯೆಂಬ ಭಾವನೆ ಬೆಳೆಯಿತು.

ಎಚ್ಚರಿಸಿದವರೂ ಇದ್ದರು. ಆಲ್ಗ್ಯೆ ಸಹೋದರರು 1957ರಲ್ಲಿ ಅಮೆರಿಕದಲ್ಲಿ ಬಿಸಿಲ ತಡೆಯ ಸಾಧನಗಳ ಬಗ್ಗೆಯೇ ಒಂದು ದೊಡ್ಡ ಗ್ರಂಥ ಪ್ರಕಟಿಸಿದರು. 1950ರ ದಶಕದಲ್ಲಿ ಲೆ ಕಾರ್ಬೂಸಿಯೆ ಚಂಡೀಗಢದ ಕಟ್ಟಡಗಳಿಗೆ ಕಾಂಕ್ರೀಟಿನ ಬಿಸಿಲತಡೆಗಳನ್ನು ಹೊರಗೆ ನಿಲ್ಲಿಸಿದ. ಆದರೆ ಕಾಂಕ್ರೀಟು ಹಗಲೆಲ್ಲ ಕಾದು ರಾತ್ರಿಯಲ್ಲಿ ಆ ಶಾಖವನ್ನು ಬಿಡುತ್ತದೆ. ಹಗುರವಾದ ಬಿದಿರು, ಬಟ್ಟೆಗಳು ನೆರಳಾದ ಕೂಡಲೇ ತಣ್ಣಗಾಗುತ್ತವೆ. ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫತ್‌ಹಿ 1986ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ, ಮಶ್ರಬಿಯ್ಯಾದಂಥ ಹಳೆಯ ಉಪಾಯಗಳು ಬಡವರ ಕೈಗೆಟಕುವ ವಿಜ್ಞಾನವೆಂದು ವಿವರಿಸಿದರು. 2012ರಲ್ಲಿ ಅಬುಧಾಬಿಯಲ್ಲಿ ಪೂರ್ಣಗೊಂಡ ಅಲ್ ಬಹ್ರ್ ಗೋಪುರಗಳಲ್ಲಿ, ಗಾಜಿನ ಗೋಡೆಯ ಹೊರಗೆ ಸೂರ್ಯನನ್ನು ಅನುಸರಿಸಿ ತೆರೆದು ಮುಚ್ಚುವ ಜಾಲಂಧ್ರಗಳಿವೆ. ಕೈರೋದ ಬಡಗಿಯ ವಿದ್ಯೆಗೆ ಕಂಪ್ಯೂಟರ್ ಜೋಡಿಸಿದಂತೆ.

ಇಂದು ನಾವು ಏನು ಮಾಡಬಹುದು?

ಈಗ ಮಾರುಕಟ್ಟೆಯಲ್ಲಿ ಹೊರಗೆ ಹಾಕುವ ರೋಲರ್ ಪರದೆಗಳು ಸಿಗುತ್ತವೆ. ಬಿಸಿಲು-ಮಳೆಗೆ ತಾಳುವ, ಸಣ್ಣ ಸಣ್ಣ ಕಣ್ಣುಗಳಿರುವ ನೇಯ್ಗೆ, ಮೇಲೊಂದು ಕೊಳವೆ, ಕೆಳಗೊಂದು ತೂಕದ ಸರಳು. ಹಿಡಿಕೆ ತಿರುಗಿಸಿ ಅಥವಾ ಮೋಟಾರಿನಿಂದ ಇಳಿಸಬಹುದು. ಹಣವಿಲ್ಲದವರು ನಿರಾಶರಾಗಬೇಕಿಲ್ಲ. ಬಿದಿರಿನ ಚಿಕ್, ನರ್ಸರಿಗಳಲ್ಲಿ ಬಳಸುವ ಹಸಿರು ನೆಟ್, ಗೋಣಿತಟ್ಟು, ಎಲ್ಲವೂ ಅದೇ ಕೆಲಸ ಮಾಡುತ್ತವೆ. ಯಾವುದನ್ನು ಹಾಕಿದರೂ ಕೆಲವು ವಿಷಯಗಳನ್ನು ನೆನಪಿಡಬೇಕು. ಮೊದಲು ಪಶ್ಚಿಮ, ನಂತರ ಪೂರ್ವದ ಕಿಟಕಿ. ಪರದೆ ಗೋಡೆಗೆ ಅಂಟಿಕೊಂಡಿರದೆ ನಾಲ್ಕಾರು ಅಂಗುಲ ದೂರವಿದ್ದು, ಮೇಲ್ಗಡೆ ಸಂದು ಬಿಟ್ಟಿರಲಿ; ಕಾದ ಗಾಳಿ ಮೇಲಿನಿಂದ ಹೋಗಬೇಕು. ಮೊಳೆಗಳು ಗಿಲಾವಿನಲ್ಲಲ್ಲ, ಇಟ್ಟಿಗೆಯಲ್ಲಿ ಕೂತಿರಲಿ. ಕೆಳತುದಿಯನ್ನು ಕಟ್ಟಿರಿ. ಬಿರುಗಾಳಿ ಬಂದರೆ ಸುತ್ತಿ ಮೇಲೇರಿಸಿರಿ. ರೋಮಿನವರು ನಾವಿಕರನ್ನು ಇಟ್ಟುಕೊಂಡಿದ್ದು ಸುಮ್ಮನೆ ಅಲ್ಲ.

ಪರದೆಯ ಮಿತಿಯನ್ನೂ ಹೇಳಬೇಕು. ಒಣ ಪರದೆ ಗಾಳಿಯನ್ನು ತಂಪು ಮಾಡುವುದಿಲ್ಲ, ಬಿಸಿಲನ್ನು ಮಾತ್ರ ತಡೆಯುತ್ತದೆ. ಬೇಸಿಗೆಯಲ್ಲಿ ಅತಿ ಹೆಚ್ಚು ಕಾಯುವುದು ಚಾವಣಿ. ತಗಡಿನ ಸೂರಿನ ಕೆಳಗೆ ಕಿಟಕಿಗೆ ಪರದೆ ಹಾಕಿದರೆ ಅರ್ಧ ಕೆಲಸವೂ ಆಗದು. ಅಂಥ ಕಡೆ ಚಾವಣಿಗೂ ಅದೇ ಸೂತ್ರ: ಹೊರಗಿನಿಂದ ಬಿಳಿಯ ಸುಣ್ಣ ಬಳಿಯುವುದು ಅಥವಾ ಮೇಲೆ ನೆರಳು ಕಟ್ಟುವುದು.

ನಮ್ಮ ಸಮುದಾಯದ ಶಾಲೆ, ಮದ್ರಸಾ, ಹಾಸ್ಟೆಲುಗಳು ಬಹುಪಾಲು ದಾನದ ಹಣದಿಂದ ಒಂದೊಂದೇ ಕೋಣೆಯಾಗಿ ಎದ್ದವು. ಸಿಕ್ಕ ನಿವೇಶನದಲ್ಲಿ ಸಿಕ್ಕ ದಿಕ್ಕಿಗೆ ಕಟ್ಟಿದ್ದೇವೆ. ಎಷ್ಟೋ ತರಗತಿಗಳ ಕಿಟಕಿ ಪಶ್ಚಿಮಕ್ಕಿದೆ. ಪರೀಕ್ಷೆಗಳು ಬರುವುದು ಮಾರ್ಚ್-ಏಪ್ರಿಲ್‌ನಲ್ಲಿ. ಸುಡುವ ಕೋಣೆಯಲ್ಲಿ ಕುಳಿತ ಮಗುವಿನ ಅಂಕ ಕಡಿಮೆಯಾದರೆ ನಾವು ಬುದ್ಧಿಯನ್ನು ದೂರುತ್ತೇವೆ, ಕಿಟಕಿಯನ್ನಲ್ಲ. ಎಲ್ಲ ಕೋಣೆಗೂ ಏರ್ ಕಂಡೀಷನರ್ ಹಾಕಿಸುವ ಶಕ್ತಿ ನಮಗಿಲ್ಲ. ಪರದೆ ಹಾಕಿಸುವ ಶಕ್ತಿ ಇದೆ.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ಈ ಬೇಸಿಗೆಯಲ್ಲಿ ಪಶ್ಚಿಮಕ್ಕಿರುವ ಒಂದೇ ಅಳತೆಯ ಎರಡು ಕೋಣೆಗಳನ್ನು ಆರಿಸಿ. ಒಂದರ ಕಿಟಕಿಗೆ ಹೊರಗಡೆಯಿಂದ ಗೋಣಿತಟ್ಟು ಅಥವಾ ಚಿಕ್ ಕಟ್ಟಿ, ಇನ್ನೊಂದಕ್ಕೆ ಅದೇ ಪರದೆಯನ್ನು ಒಳಗಡೆ ಹಾಕಿ. ಎರಡರಲ್ಲೂ ಒಂದೊಂದು ಉಷ್ಣಮಾಪಕ ಇಟ್ಟು ಒಂದು ವಾರ ಮಧ್ಯಾಹ್ನ ಎರಡರಿಂದ ಆರರವರೆಗೆ ಗಂಟೆಗೊಮ್ಮೆ ಬರೆದಿಡಿ. ಆ ಹಾಳೆಯನ್ನು ನಿಮ್ಮ ಆಡಳಿತ ಸಮಿತಿಯ ಮುಂದಿಡಿ. ಸಮಿತಿಯವರಿಗೆ ನನ್ನ ಲೇಖನಕ್ಕಿಂತ ನಿಮ್ಮ ಆ ಅಂಕಿಗಳೇ ಹೆಚ್ಚು ಹೇಳುತ್ತವೆ.